ಹೆಜ್ಜೆ ಗಿಟಾರಿನ ಮಾತು ಕೇಳಬೇಕು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬಚಾಟಾ ನೃತ್ಯದ ಕುರಿತು ನೀವು ಪ್ರಕಟಿಸಿದ ಲೇಖನ ಏಕಪಕ್ಷೀಯವಾಗಿತ್ತು. ಬೆಂಗಳೂರಿನ ಪಬ್ಬುಗಳ ನೃತ್ಯಸಂಜೆಗಳಲ್ಲಿ ನಾವು ಪ್ರೀತಿಯಿಂದ ಕುಣಿಯುವ ಸೆನ್ಸುವಲ್ ಶೈಲಿಯನ್ನು ಲೇಖಕರು ‘ಸಂಗೀತ ಮರೆತ ಕಸರತ್ತು’ ಎಂದು ತಳ್ಳಿಹಾಕಿದ್ದಾರೆ. ಎಲ್ಲ ಕಲೆಯೂ ಬದಲಾಗುತ್ತದೆ. ಬಚಾಟಾಕ್ಕೆ ಎಲೆಕ್ಟ್ರಿಕ್ ಗಿಟಾರ್ ಬಂದಾಗಲೂ ಗೊಣಗಿದವರು ಇದ್ದೇ ಇರುತ್ತಾರೆ. ಹಳೆಯ ಡೊಮಿನಿಕನ್ ಶೈಲಿ ಬರಿಯ ಕಾಲಾಟ, ಅದರಲ್ಲಿ ಕಲಿಯಲು ಏನಿದೆ ಎಂದು ನಮ್ಮ ಶಿಕ್ಷಕರೇ ಕೇಳುತ್ತಾರೆ. ನೀವೂ ಸ್ವಲ್ಪ ಕಾಲದ ಜೊತೆ ನಡೆಯಬಾರದೇ? ಅಂದ ಹಾಗೆ, ಈ ನೃತ್ಯಕ್ಕೆ ಎಂಥ ಶೂ ಕೊಳ್ಳಬೇಕು ಎಂಬುದನ್ನಾದರೂ ತಿಳಿಸಿ.
— ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಜಾಗದ ಅಭಾವದಿಂದ ಮೊಟಕುಗೊಳಿಸಿದ್ದೇನೆ. ಖಾರವನ್ನು ಮಾತ್ರ ತೆಗೆದಿಲ್ಲ. ಡೊಮಿನಿಕನ್ ರಿಪಬ್ಲಿಕ್ ಎಂಬ ಕೆರಿಬಿಯನ್ ದೇಶದ ಗಿಟಾರ್ ಹಾಡುಗಳಿಗೆ ಹುಟ್ಟಿದ ಒಂದು ಕುಣಿತಕ್ಕಾಗಿ ಕನ್ನಡದಲ್ಲಿ ಇಷ್ಟು ಆಸ್ಥೆಯಿಂದ ಜಗಳವಾಡುವ ಓದುಗರಿದ್ದಾರೆ ಎಂಬುದೇ ನನಗೆ ಸಂತೋಷದ ಸಂಗತಿ. ಆದರೆ ಸಂತೋಷಪಟ್ಟ ಮಾತ್ರಕ್ಕೆ ಜಗಳವನ್ನು ಬಿಟ್ಟುಕೊಡಬೇಕೆಂದಿಲ್ಲವಲ್ಲ.

ಮೊದಲು ನಿಮ್ಮ ಪಾಲಿನದನ್ನು ಕೊಟ್ಟುಬಿಡುತ್ತೇನೆ. ಸ್ಪೇನಿನ ಕಾದಿಸ್‌ನ ಕೋರ್ಕೆ ಮತ್ತು ಜುಡಿತ್ ಎಂಬ ಜೋಡಿ ಈ ಶತಮಾನದ ಆರಂಭದಲ್ಲಿ ರೂಪಿಸಿದ ಸೆನ್ಸುವಲ್ ಶೈಲಿ ಸುಮ್ಮನೆ ಹುಟ್ಟಿದ್ದಲ್ಲ. ಕೈ ಹಿಡಿದೆಳೆಯದೆ, ಎದೆ ಮತ್ತು ಸೊಂಟದ ಚಲನೆಯಿಂದಲೇ ಮುಂದಿನ ಹೆಜ್ಜೆ ಜೊತೆಗಾರರಿಗೆ ತಿಳಿಯುವಂತೆ ಮಾಡುವುದಕ್ಕೆ ನಿಜವಾದ ಅಭ್ಯಾಸ ಬೇಕು. ಅಪ್ಪಿಕೊಂಡು ಕುಣಿಯುವುದರ ಬಗ್ಗೆ ನನ್ನಲ್ಲಿ ಮಡಿವಂತಿಕೆಯೂ ಇಲ್ಲ; ಹಳೆಯ ಬಚಾಟಾವನ್ನು ಕೂಡ ಡೊಮಿನಿಕನ್ ರಾಜಧಾನಿ ಸಾಂಟೊ ಡೊಮಿಂಗೊದ ಮರ್ಯಾದಸ್ಥರು ಅಸಭ್ಯವೆಂದೇ ದೂರ ಇಟ್ಟಿದ್ದರು. ಇಷ್ಟನ್ನು ಒಪ್ಪಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ.

ಎಲೆಕ್ಟ್ರಿಕ್ ಗಿಟಾರಿನ ಉದಾಹರಣೆಯನ್ನು ನೀವು ನನ್ನ ಮೇಲೆ ಎಸೆದಿದ್ದೀರಿ. ಅದು ನಿಮ್ಮ ವಾದಕ್ಕಿಂತ ನನ್ನ ವಾದಕ್ಕೇ ಹೆಚ್ಚು ಒದಗಿಬರುವ ಉದಾಹರಣೆ ಎಂಬುದನ್ನು ತೋರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಸಹಿಸಿಕೊಳ್ಳಿ.

ಡೊಮಿನಿಕನ್ ರಿಪಬ್ಲಿಕ್ಕನ್ನು 1930ರಿಂದ ಮೂವತ್ತೊಂದು ವರ್ಷ ಹಿಡಿತದಲ್ಲಿಟ್ಟುಕೊಂಡಿದ್ದ ಸರ್ವಾಧಿಕಾರಿ ಟ್ರುಹಿಯೋಗೆ ಮೆರೆಂಗೆ ಎಂಬ ವೇಗದ ನೃತ್ಯಸಂಗೀತ ಇಷ್ಟ. ರಾಷ್ಟ್ರದ ಸಂಗೀತವೆಂದರೆ ಅದೇ ಆಗಿತ್ತು. 1961ರ ಮೇ ತಿಂಗಳಲ್ಲಿ ಅವನ ಹತ್ಯೆಯಾಯಿತು. ಮರುವರ್ಷವೇ ಹೊಸೆ ಮನುಯೆಲ್ ಕಾಲ್ಡೆರೋನ್ ಗಿಟಾರ್ ಜೊತೆಗೆ ಹಾಡಿ ಮುದ್ರಿಸಿದ ಹಾಡುಗಳನ್ನು ಇಂದು ಮೊದಲ ಬಚಾಟಾ ಧ್ವನಿಮುದ್ರಿಕೆಗಳೆಂದು ಗುರುತಿಸುತ್ತಾರೆ. ಕೇಳಿದರೆ ಅವು ಬಹುಮಟ್ಟಿಗೆ ಬೊಲೆರೊ, ಅಂದರೆ ನಿಧಾನಗತಿಯ ಪ್ರೇಮಗೀತೆಗಳು. ಅದೇ ಕಾಲಕ್ಕೆ ಹಳ್ಳಿ ಬಿಟ್ಟು ರಾಜಧಾನಿಯ ಅಂಚಿನ ಕೇರಿಗಳಿಗೆ ಬಂದು ಮನೆಗೆಲಸವನ್ನೋ ಕಾವಲು ಕೆಲಸವನ್ನೋ ಹಿಡಿದ ಜನರು ಈ ಹಾಡುಗಳನ್ನು ತಮ್ಮದಾಗಿಸಿಕೊಂಡರು. ಕೈಬಿಟ್ಟು ಹೋದ ಹೆಣ್ಣು, ಖಾಲಿಯಾದ ಬಾಟಲಿ, ತೀರದ ಸಂಕಟ ಇವೇ ಹಾಡಿನ ವಸ್ತು. ರಾಡಾಮೆಸ್ ಅರಸೆನಾ ಎಂಬವರ ರೇಡಿಯೊ ಗ್ವಾರಾಚಿತಾ ಬಿಟ್ಟರೆ ಉಳಿದ ಕೇಂದ್ರಗಳು ಈ ಹಾಡುಗಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿದ್ದದ್ದು ಅಪರೂಪ. ಒಟ್ಟಿನಲ್ಲಿ ಪಂಕ್ತಿಯ ಹೊರಗಿನ ಸಂಗೀತ.

ಅದಕ್ಕೆ ಕುಣಿದದ್ದೂ ಸಭಾಂಗಣದಲ್ಲಲ್ಲ. ಕೇರಿಯ ಮೂಲೆಯಲ್ಲಿ ಕೊಲ್ಮಾಡೊ ಎಂಬ ಕಿರಾಣಿ ಅಂಗಡಿ ಇರುತ್ತದೆ. ಅಕ್ಕಿ, ಎಣ್ಣೆ, ಸೋಪು ಮಾರುವ ಅಂಗಡಿಯೇ ಸಂಜೆಯಾದಂತೆ ಬಿಯರ್ ಕುಡಿಯುವ, ಡೊಮಿನೊ ಆಡುವ ಜಾಗವಾಗುತ್ತದೆ. ಸ್ಪೀಕರಿನ ಮುಂದೆ, ಮೂಟೆಗಳಿಗೂ ಪ್ಲಾಸ್ಟಿಕ್ ಕುರ್ಚಿಗಳಿಗೂ ನಡುವೆ ಉಳಿದ ನೆಲದಲ್ಲಿ ಎಷ್ಟು ಆಗುತ್ತದೋ ಅಷ್ಟೇ ಕುಣಿತ. ಮೂರು ಹೆಜ್ಜೆ ಇಟ್ಟು ನಾಲ್ಕನೆಯದಕ್ಕೆ ಪಾದವನ್ನು ನೆಲಕ್ಕೆ ಸೋಕಿಸುವುದು, ಪುಟ್ಟ ಚೌಕದೊಳಗೆ ಅದನ್ನೇ ತಿರುಗಿಸುವುದು: ಈ ಅಡಿಪಾಯ ಅಂಥ ಇಕ್ಕಟ್ಟಿನಲ್ಲಿ ಗಟ್ಟಿಯಾಯಿತು.

ಈಗ ನಿಮ್ಮ ಎಲೆಕ್ಟ್ರಿಕ್ ಗಿಟಾರ್. ಗಾಯಕ ಬ್ಲಾಸ್ ದುರಾನ್ 1987ರಲ್ಲಿ ಅದನ್ನು ಬಚಾಟಾಕ್ಕೆ ತಂದು ಹಾಡನ್ನು ಜನಪ್ರಿಯಗೊಳಿಸಿದರು. ಮರಾಕಾ ಎಂಬ ಗಿಲಕಿಗಳಿದ್ದ ಜಾಗಕ್ಕೆ ಮೆರೆಂಗೆಯ ಗ್ವಿರಾ ಬಂತು. ಮೈತುಂಬ ಉಬ್ಬುಚುಕ್ಕಿಗಳಿರುವ ಲೋಹದ ಕೊಳವೆಯನ್ನು ಕಡ್ಡಿಗಳ ಬಾಚಣಿಗೆಯಿಂದ ಕೆರೆದಾಗ ಬರುವ ಆ ಸದ್ದು ಇಡೀ ಹಾಡನ್ನು ಮುಂದಕ್ಕೆ ದೂಡುತ್ತದೆ. ಆಮೇಲೆ ದೇಶದ ವಾಯವ್ಯ ಭಾಗದಿಂದ ಲೂಯಿಸ್ ವರ್ಗಾಸ್ ಬಂದರು, ಅವರದೇ ತಂಡದಲ್ಲಿ ಗ್ವಿರಾ ಬಾರಿಸುತ್ತಿದ್ದ ಆಂಟನಿ ಸಾಂತೋಸ್ ಬಂದರು. ಗಿಟಾರ್ ಚುರುಕಾಯಿತು, ಲಯ ಏರಿತು. ಕುಣಿಯುವವರ ಕಾಲೂ ಚುರುಕಾಯಿತು. ವಾದ್ಯ ಬದಲಾಯಿತು, ಅದನ್ನು ಕೇಳಿ ಹೆಜ್ಜೆ ಬದಲಾಯಿತು. ಇಂಥ ಬದಲಾವಣೆಯ ವಿರುದ್ಧ ನಾನು ಒಂದು ಸಾಲನ್ನೂ ಬರೆದಿಲ್ಲ, ಬರೆಯುವುದೂ ಇಲ್ಲ.

‘ಬರಿಯ ಕಾಲಾಟ’ ಎಂದಿದ್ದೀರಿ. ಒಂದು ಹಾಡನ್ನು ಕಣ್ಣು ಮುಚ್ಚಿ ಕೇಳಿ. ಚರಣದಲ್ಲಿ ತಾಳ ನೇರವಾಗಿ ನಡೆಯುತ್ತದೆ, ಅದನ್ನು ದೆರೇಚೊ ಎನ್ನುತ್ತಾರೆ. ಪಲ್ಲವಿಗೆ ಬಂದಾಗ ಸಾಮಾನ್ಯವಾಗಿ ಬೊಂಗೊ ಎಂಬ ಜೋಡಿ ಡೋಲಿನ ಪೆಟ್ಟು ಭಾರವಾಗಿ ಮಹಾವೊ ಆಗುತ್ತದೆ. ಹಾಡುಗಾರ ನಿಂತು ಗಿಟಾರ್ ಒಂಟಿಯಾಗಿ ಮಾತಿಗಿಳಿದಾಗ ಮಾಂಬೊ ತೆರೆದುಕೊಳ್ಳುತ್ತದೆ. ಕಲಿತ ಕಾಲು ಈ ಮೂರಕ್ಕೂ ಮೂರು ಬಗೆಯಲ್ಲಿ ಉತ್ತರ ಕೊಡುತ್ತದೆ. ನ್ಯೂಯಾರ್ಕಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದಾಗ ಡೊಮಿನಿಕನ್ನರು ಹೆಚ್ಚಾಗಿರುವ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಒಂದು ಸಂಜೆ ಕಳೆದಿದ್ದೆ. ಊಟದ ಹೋಟೆಲೊಂದರಲ್ಲಿ ಅರವತ್ತು ದಾಟಿದ ಗಂಡಹೆಂಡಿರು ಎದ್ದು ನಿಂತರು. ಚರಣ ಮುಗಿಯುವವರೆಗೂ ಇಬ್ಬರ ಭುಜಗಳು ಅಲುಗಲಿಲ್ಲ. ಆತನ ಬಲಗೈ ಆಕೆಯ ಬೆನ್ನ ಮೇಲೆ ಒರಗಿದಂತಿತ್ತು, ಒತ್ತಿರಲಿಲ್ಲ. ಗಿಟಾರ್ ಮೇಲೆದ್ದ ಕ್ಷಣ ಆತ ಕೈ ಸಡಿಲಿಸಿ ಅರ್ಧ ಹೆಜ್ಜೆ ಹಿಂದೆ ಸರಿದ; ಹಿಮ್ಮಡಿ, ತುದಿ, ಹಿಮ್ಮಡಿ ಎಂದು ಪ್ರತಿ ತಂತಿಯ ಮೀಟಿಗೂ ಪಾದ ಲೆಕ್ಕ ಒಪ್ಪಿಸುತ್ತಿತ್ತು. ಆಕೆ ಅದನ್ನು ಅನುಕರಿಸಲಿಲ್ಲ, ಬೊಂಗೊವನ್ನು ಹಿಡಿದುಕೊಂಡು ತನ್ನದೇ ಉತ್ತರ ಕೊಟ್ಟಳು. ಹಾಡು ಮತ್ತೆ ಚರಣಕ್ಕೆ ಮರಳಿದಾಗ ಇಬ್ಬರ ಕೈಗಳೂ ಹುಡುಕದೆಯೇ ಕೂಡಿಕೊಂಡವು. ಇದರಲ್ಲಿ ಕಲಿಯಲು ಏನಿದೆ ಎಂದು ಕೇಳುವ ಶಿಕ್ಷಕರಿಗೆ ನಾನು ಏನು ಹೇಳಲಿ!

ಹಾಗಾದರೆ ತಪ್ಪಿದ್ದೆಲ್ಲಿ? ಹುವಾನ್ ಲೂಯಿಸ್ ಗೆರಾ ಅವರ ‘ಬಚಾಟಾ ರೋಸಾ’ ಆಲ್ಬಮ್ 1990ರಲ್ಲಿ ಬಂದು ಮುಂದೆ ಗ್ರ್ಯಾಮಿ ಗೆದ್ದಿತು. ಅಮೆರಿಕದ ಬರ್ಕ್ಲಿ ಕಾಲೇಜಿನಲ್ಲಿ ಸಂಗೀತ ಓದಿದ್ದ ಆ ದೊಡ್ಡ ಕಲಾವಿದ ಹಾಡಿದ ಮೇಲೆಯೇ ಮೇಲ್ವರ್ಗದ ದಿವಾನಖಾನೆಗಳಿಗೆ ಬಚಾಟಾಕ್ಕೆ ಪ್ರವೇಶ ಸಿಕ್ಕಿತು. ಮೂರು ದಶಕ ಬಾರುಗಳಲ್ಲಿ ಹಾಡಿದವರು ಹೊಸ್ತಿಲಾಚೆಯೇ ನಿಂತು ನೋಡಬೇಕಾಯಿತು, ಇದು ಬೇರೆಯೇ ಸಂಕಟ. 2002ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗರ ಅವೆಂಚುರಾ ತಂಡ ‘ಒಬ್ಸೆಸಿಯೋನ್’ ಹಾಡಿನಿಂದ ಯುರೋಪಿನವರೆಗೂ ಬಚಾಟಾ ಮುಟ್ಟಿಸಿತು. ಅಲ್ಲಿಯ ನೃತ್ಯಶಾಲೆಗಳಿಗೆ ಹಾಡು ಸಿಕ್ಕಿತು, ಕೊಲ್ಮಾಡೊ ಸಿಗಲಿಲ್ಲ. ಹೆಜ್ಜೆ ತೀರ ಸರಳವೆನ್ನಿಸಿದ್ದರಿಂದ ಸಾಲ್ಸಾದ ತಿರುವುಗಳನ್ನು ತಂದು ಜೋಡಿಸಿದರು, ಅದು ‘ಮಾಡರ್ನ್’ ಶೈಲಿಯಾಯಿತು. ಟ್ಯಾಂಗೊವನ್ನು ಬೆರೆಸಿ ಬಚಾಟ್ಯಾಂಗೊ ಎಂದರು. ಬ್ರೆಜಿಲಿಯನ್ ಝೂಕ್‌ ನೃತ್ಯದ ಮೈಯ ಅಲೆಗಳೂ ತಲೆ ತಿರುಗಿಸುವಿಕೆಯೂ ಬಂದು ಸೇರಿದವು. ಚಲನೆಗೆ ಹೊಂದುವ ಸಂಗೀತ ಸಾಲದೆ ಹೋದಾಗ ಪಾಪ್ ಹಾಡುಗಳನ್ನೇ ಬಚಾಟಾ ತಾಳಕ್ಕೆ ಹೊಂದಿಸಿದ ರೀಮಿಕ್ಸುಗಳು ಹುಟ್ಟಿಕೊಂಡವು. ಇಲ್ಲಿ ಕ್ರಮವೇ ತಲೆಕೆಳಗಾಯಿತು ಎಂಬುದು ನನ್ನ ದೂರು. ವಾದ್ಯ ಬದಲಾಗಿ ಹೆಜ್ಜೆ ಬದಲಾಗಲಿಲ್ಲ; ಮೊದಲೇ ತಯಾರಾದ ಚಲನೆಗೆ ತಕ್ಕಂತೆ ಸಂಗೀತವನ್ನು ಕತ್ತರಿಸಿ ಕೊಡಲಾಯಿತು. ಅಂಥ ಎಷ್ಟೋ ಹಾಡುಗಳಲ್ಲಿ ಉತ್ತರಿಸಲು ಗಿಟಾರೇ ಇರುವುದಿಲ್ಲ.

ಇಂದು ವಾರಾಂತ್ಯದ ಕಾರ್ಯಾಗಾರವೆಂದರೆ ಹೆಚ್ಚಿನ ಕಡೆ ಒಂದು ಗಂಟೆಗೆ ಒಂದು ಸರಣಿ ಚಲನೆ, ಕೊನೆಯಲ್ಲಿ ಶಿಕ್ಷಕರು ಅದನ್ನು ಮಾಡಿ ತೋರಿಸುವಾಗ ಸುತ್ತಲೂ ಎತ್ತಿದ ಮೊಬೈಲುಗಳು. ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್ ಎಂದು ಮೆಟ್ಟಿಲು ಹತ್ತಿದವರಿಗೆ ಆಂಟನಿ ಸಾಂತೋಸ್ ಹೆಸರು ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ, ಯಾರೂ ಹೇಳಿಕೊಡಲಿಲ್ಲ. ಆದರೆ ಎರಡು ತಿಂಗಳು ಕಲಿತ ಹುಡುಗ ಅಪರಿಚಿತಳ ತಲೆಯನ್ನು ಸುತ್ತು ತಿರುಗಿಸಲು ಹೊರಡುವುದು ತಪ್ಪೇ. ಕತ್ತು ಆಕೆಯದು, ನೋವೂ ಆಕೆಯದು. ಬೇಡವೆಂದರೆ ‘ಇವರಿಗೆ ಕುಣಿಯಲು ಬರುವುದಿಲ್ಲ’ ಎಂಬ ಮಾತು ಕೂಡ ಆಕೆಗೇ. ಇದನ್ನೂ ಕಾಲದ ಜೊತೆ ನಡೆಯುವುದು ಎನ್ನುವುದಾದರೆ ನಾನು ಹಿಂದೆಯೇ ಉಳಿಯುತ್ತೇನೆ. 2019ರಲ್ಲಿ ಯುನೆಸ್ಕೊ ಡೊಮಿನಿಕನ್ ಬಚಾಟಾದ ಸಂಗೀತ ಮತ್ತು ನೃತ್ಯವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂಗೀತ, ನೃತ್ಯ ಎರಡನ್ನೂ ಒಂದೇ ನಮೂದಿನಲ್ಲಿ ಸೇರಿಸಿದ್ದನ್ನು ಗಮನಿಸಿ. ನಮ್ಮ ತರಗತಿಗಳು ಅವನ್ನು ಬೇರೆ ಮಾಡಿ, ಒಂದನ್ನು ಮಾತ್ರ ಮಾರುತ್ತಿವೆ.

ನಿಮ್ಮ ತರಗತಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಪತ್ರದ ಮೂರನೆಯ ಪುಟದಲ್ಲಿ, ಒಂದು ದಿನ ಡಿಜೆ ತಪ್ಪಾಗಿ ಹಳೆಯ ಹಾಡೊಂದನ್ನು ಹಾಕಿದಾಗ ನೆಲವೆಲ್ಲ ಖಾಲಿಯಾಯಿತೆಂದೂ ನೀವು ಮಾತ್ರ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತು ಕೇಳಿದಿರೆಂದೂ ಬರೆದಿದ್ದೀರಿ. ನಾಲ್ಕು ಪುಟಗಳಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದೇ. ಹಾಗೆ ನಿಂತು ಕೇಳುವವರು ನಿಮ್ಮ ಶಿಕ್ಷಕರಿಗೆ ಸುಲಭವಾಗಿ ಸಿಗುವುದಿಲ್ಲ. ಮುಂದಿನ ಸಲ ಡಿಜೆ ಬಳಿ ಹೋಗಿ ರಾತ್ರಿಗೆ ಒಂದಾದರೂ ಅಂಥ ಹಾಡು ಬೇಕೆಂದು ಕೇಳಿ. ಗ್ವಿರಾ ಯಾವುದು, ತಾಳ ಹಿಡಿಯುವ ಎರಡನೆಯ ಗಿಟಾರ್ ಯಾವುದು ಎಂದು ಕಿವಿಗೆ ತಿಳಿಯುವವರೆಗೆ ಮೂರು ಹೆಜ್ಜೆ, ಒಂದು ಸೋಕು ಸಾಕು. ಅಲೆ ಏಳಬೇಕೆನ್ನಿಸಿದರೆ ಆಮೇಲೆ ಏಳಲಿ.

ಶೂ ವಿಚಾರ: ಪಾಲಿಶ್ ಮಾಡಿದ ಮರದ ನೆಲವಾದರೆ ಸ್ವೇಡ್ ಚರ್ಮದ ಅಟ್ಟೆ ಒಳ್ಳೆಯದು, ತಿರುಗುವಾಗ ಮಂಡಿಗೆ ತಿರುಚು ಬೀಳುವುದಿಲ್ಲ. ಆದರೆ ಪಬ್ಬಿನ ನೆಲದ ಮೇಲೆ ಬಿಯರ್ ಚೆಲ್ಲಿ ಸ್ವೇಡ್ ಹಾಳಾಗುತ್ತದೆ. ಅಲ್ಲಿಗೆ, ಕೊಲ್ಮಾಡೊಗೆ ಹೋಗುವವರಂತೆ, ದಿನಬಳಕೆಯದನ್ನೇ ಹಾಕಿಕೊಂಡು ಹೋಗಿ. ಅಟ್ಟೆ ಸ್ವಲ್ಪ ಸವೆದಿದ್ದರೆ ಇನ್ನೂ ಒಳ್ಳೆಯದು.