ಒಗಾಡೆನ್ ಯುದ್ಧ: ಸೋವಿಯತ್ ಎರಡೂ ಕಡೆಗೆ ಆಯುಧ ಕೊಟ್ಟಿತ್ತಾ?

ನಿಮ್ಮ ಪ್ರಶ್ನೆ ಎರಡು. 1977ರಲ್ಲಿ ಸೋವಿಯತ್ ಒಕ್ಕೂಟ ಸೊಮಾಲಿಯಾ, ಇಥಿಯೋಪಿಯಾ ಎರಡಕ್ಕೂ ಆಯುಧ ಕೊಟ್ಟಿದ್ದು ನಿಜವಾ? ಯುದ್ಧ ಹಚ್ಚಿದ್ದೂ ಅವರೇನಾ?

ಮೊದಲನೆಯದು ನಿಜ, ಆದರೆ ಕೆಲವು ತಿಂಗಳು ಮಾತ್ರ. ಸೊಮಾಲಿಯಾ ಅವರ ಹಳೇ ಗೆಳೆಯ. ಬರ್ಬೆರಾ ಬಂದರಿನಲ್ಲಿ ಸೋವಿಯತ್ ನೌಕಾಪಡೆಗೆ ನೆಲೆ ಇತ್ತು. ಇಥಿಯೋಪಿಯಾ ಅಮೆರಿಕದ ಕಡೆ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೇನೆ ಇಳಿಸಿತು. ಆಮೇಲೆ ಮೇಲೆ ಬಂದ ಸೇನಾಧಿಕಾರಿ ಮೆಂಗಿಸ್ಟು ಮಾಸ್ಕೋ ಕಡೆ ವಾಲಿದ. ಮಾಸ್ಕೋಗೆ ಇಬ್ಬರೂ ಬೇಕಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತೆ ಅಂತ ಗೊತ್ತಲ್ವಾ? ಇಬ್ಬರನ್ನೂ ಒಂದು ಒಕ್ಕೂಟಕ್ಕೆ ಸೇರಿಸಲು ಕ್ಯೂಬಾದ ನಾಯಕ ಕ್ಯಾಸ್ಟ್ರೋ ಯೆಮೆನ್‌ನ ಏಡನ್‌ನಲ್ಲಿ ಮಾತುಕತೆ ನಡೆಸಿದರು. ಸೊಮಾಲಿಯಾ ಅಧ್ಯಕ್ಷ ಸಿಯಾದ್ ಬರ್ರೆ ಒಪ್ಪಲಿಲ್ಲ.

1977ರ ಜುಲೈನಲ್ಲಿ ಸೊಮಾಲಿ ಸೇನೆ ಒಗಾಡೆನ್‌ಗೆ, ಅಂದರೆ ಸೊಮಾಲಿ ಜನ ಇರುವ ಪೂರ್ವ ಇಥಿಯೋಪಿಯಾಕ್ಕೆ, ನುಗ್ಗಿತು. ನವೆಂಬರ್‌ನಲ್ಲಿ ಬರ್ರೆ ಸೋವಿಯತ್ ಸಲಹೆಗಾರರನ್ನು ಹೊರಹಾಕಿದ. ಅಷ್ಟೊತ್ತಿಗೆ ಇಥಿಯೋಪಿಯಾಕ್ಕೆ ವಿಮಾನಗಳಲ್ಲಿ ಆಯುಧ ಬರುತ್ತಿತ್ತು, ಸಾವಿರಾರು ಕ್ಯೂಬಾ ಸೈನಿಕರೂ ಬಂದರು. 1978ರ ಮಾರ್ಚ್‌ನಲ್ಲಿ ಸೋವಿಯತ್ ಹೆಲಿಕಾಪ್ಟರ್‌ಗಳು ಹಗುರ ಕವಚ ವಾಹನಗಳನ್ನು ಬೆಟ್ಟದಾಚೆ, ಸೊಮಾಲಿಗಳ ಬೆನ್ನ ಹಿಂದೆ ಇಳಿಸಿದವು. ಸೊಮಾಲಿಗಳು ಹಿಡಿದಿದ್ದ ಜಿಜಿಗಾ ಪಟ್ಟಣ ಅವರ ಕೈತಪ್ಪಿತು. ಆ ಸೊಮಾಲಿ ಸೈನ್ಯವನ್ನು ತರಬೇತಿ ಕೊಟ್ಟು ಬೆಳೆಸಿದ್ದೂ ಸೋವಿಯತ್ತೇ!

ಎರಡನೆಯದನ್ನು ನಾನು ಒಪ್ಪಲ್ಲ. ಒಗಾಡೆನ್ ನಮ್ಮದು ಅನ್ನೋದು ಸೊಮಾಲಿಗಳ ಹಳೇ ಹಟ. ಅದನ್ನು ಮಾಸ್ಕೋ ಹುಟ್ಟಿಸಲಿಲ್ಲ. ಆದರೆ ಅಷ್ಟು ದೊಡ್ಡ ಸೈನ್ಯ ಬರ್ರೆ ಕೈಗೆ ಬಂದಿದ್ದು ಅವರಿಂದಲೇ. ಇನ್ನು ಬರ್ಬೆರಾ? 1980ರಲ್ಲಿ ಅದರ ಬಳಕೆಗೆ ಒಪ್ಪಂದ ಮಾಡಿಕೊಂಡಿದ್ದು ಅಮೆರಿಕ.