ಗಿಟಾರ್‌ಗೆ ಬಾಯಿ ಕೊಡುವ ಟಾಕ್‌ಬಾಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಐದು ಜನರ ಕವರ್ ಬ್ಯಾಂಡ್. ಗಿಟಾರ್ ನುಡಿಸುವವನು ನಾನೊಬ್ಬನೇ. ಹಳೇ ರಾಕ್ ಹಾಡುಗಳಿಗೆ ಬೇಕು ಅಂತ ಟಾಕ್‌ಬಾಕ್ಸ್, ಅಂದರೆ ಗಿಟಾರಿನ ದನಿಯನ್ನು ಪೈಪಿನಲ್ಲಿ ಬಾಯಿಗೆ ತಂದು ಮಾತಾಡಿಸುವ ಡಬ್ಬ, ತಗೊಂಡೆ. ರೂಮಿನಲ್ಲಿ ನುಡಿಸಿದರೆ ಜೋರಾಗಿ, ಚೆನ್ನಾಗಿ ಮಾತಾಡುತ್ತದೆ. ಸ್ಟೇಜ್ ಹತ್ತಿದರೆ ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಮೈಕ್ ಏರಿಸಿದರೆ ಕೂಗುತ್ತದೆ. ಕೇಳಿಸಿದಾಗಲೂ ಪದ ಏನು ಅಂತ ತಿಳಿಯುವುದಿಲ್ಲವಂತೆ. ದೊಡ್ಡ ಆಂಪ್ ಬೇಕಾ?

ಉತ್ತರ: ಆಂಪ್ ಬದಲಿಸಬೇಡಿ. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ, ಎರಡಕ್ಕೂ ದೊಡ್ಡ ಆಂಪ್ ಮದ್ದಲ್ಲ.

ಮೊದಲು ಜೋರಿನ ವಿಷಯ. ಟಾಕ್‌ಬಾಕ್ಸ್ ಒಳಗಿರುವುದು ಶಬ್ದ ಹುಟ್ಟಿಸುವ ಒಂದು ಡ್ರೈವರ್, ಹಾರ್ನ್ ಸ್ಪೀಕರಿನ ಹಿಂದೆ ಇರುವಂಥದ್ದು. ಹಾರ್ನ್ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿರುತ್ತಾರೆ. ಗಿಟಾರಿನ ಶಬ್ದ ಆ ಪೈಪ್ ಹಿಡಿದು ನಿಮ್ಮ ಬಾಯಿಗೆ ಬರುತ್ತದೆ. ಬಾಯಿ ಅದಕ್ಕೆ ಆಕಾರ ಕೊಡುತ್ತದೆ. ಬಾಯಿಂದ ಹೊರಗೆ ಬಿದ್ದಷ್ಟನ್ನು ಹಾಡುವ ಮೈಕ್ ಹಿಡಿಯುತ್ತದೆ. ಜನಕ್ಕೆ ತಲುಪುವ ದಾರಿ ಆ ಮೈಕ್ ಒಂದೇ.

ಮೋಸ ಆಗುವುದು ಇಲ್ಲೇ. ಪೈಪ್ ಹಲ್ಲಿಗೆ ತಾಗಿಕೊಂಡಿರುತ್ತದಲ್ಲ, ಶಬ್ದ ದವಡೆ ಮತ್ತು ತಲೆಬುರುಡೆಯ ಮೂಲಕ ನೇರವಾಗಿ ನಿಮ್ಮ ಕಿವಿಗೆ ಹೋಗುತ್ತದೆ. ನಿಮಗೆ ತಲೆಯೇ ಗುಂಯ್‌ಗುಟ್ಟುವಷ್ಟು ಜೋರು. ಎರಡು ಮೀಟರ್ ದೂರದಲ್ಲಿ ನಿಂತವರಿಗೆ ಅದೊಂದು ಪುಟ್ಟ ರೇಡಿಯೋದ ದನಿ. ರೂಮಿನಲ್ಲಿ ಡ್ರಮ್ ಇರುವುದಿಲ್ಲ, ಅದಕ್ಕೇ ಚೆನ್ನಾಗಿದೆ ಅನ್ನಿಸುತ್ತದೆ. ಹಾಗಾಗಿ ನಿಮ್ಮ ಕಿವಿಯನ್ನು ನಂಬಬೇಡಿ. ಸೌಂಡ್‌ಚೆಕ್‌ನಲ್ಲಿ ಇಡೀ ಬ್ಯಾಂಡ್ ನುಡಿಸುವಾಗ ಜನ ನಿಲ್ಲುವ ಜಾಗದಿಂದ ಫೋನ್‌ನಲ್ಲಿ ರೆಕಾರ್ಡ್ ಮಾಡಿಸಿ ಕೇಳಿ. ಆಮೇಲಷ್ಟೇ ಏನನ್ನಾದರೂ ತಿರುಗಿಸಿ.

ಸ್ಟೇಜಿನಲ್ಲಿ ದನಿ ಸಾಲದು ಅನ್ನುವುದು ಹಳೇ ಗೋಳು. 1969ರಲ್ಲಿ ಬಂದ ‘ದ ಬ್ಯಾಗ್’ ಅನ್ನುವ ಟಾಕ್‌ಬಾಕ್ಸ್ ಹೆಗಲಿಗೆ ಹಾಕಿಕೊಳ್ಳುವ ಚೀಲದ ಹಾಗಿತ್ತು, ಅದರ ತಾಕತ್ತು ಕಡಿಮೆ. 1973ರ ಸುಮಾರಿಗೆ ಸೌಂಡ್ ಇಂಜಿನಿಯರ್ ಬಾಬ್ ಹೈಲ್ ಅವರು ಗಿಟಾರಿಸ್ಟ್ ಜೋ ವಾಲ್ಶ್ ಅವರ ಸ್ಟೇಜ್ ಕಾರ್ಯಕ್ರಮಗಳಿಗಾಗಿ ದೊಡ್ಡ ಡ್ರೈವರ್ ಇಟ್ಟು ಹೊಸದೊಂದನ್ನು ಮಾಡಿದರು. ಗಿಟಾರಿಸ್ಟ್ ಪೀಟರ್ ಫ್ರಾಂಪ್ಟನ್ 1976ರ ಲೈವ್ ಆಲ್ಬಂನಲ್ಲಿ ಜನರನ್ನು ಮರುಳು ಮಾಡಿದ್ದು ಇದೇ ಹೈಲ್ ಟಾಕ್‌ಬಾಕ್ಸ್‌ನಿಂದ. ಈಗಿನ ಡಬ್ಬಗಳಿಗೆ ಬೇಕಾದಷ್ಟು ತಾಕತ್ತಿದೆ. ಮೈಕ್ ಕಡೆಗೆ ಗಮನ ಕೊಡಿ.

ಪೈಪನ್ನು ಮೈಕ್ ಸ್ಟ್ಯಾಂಡಿಗೆ ಮೂರು ನಾಲ್ಕು ಕಡೆ ಟೇಪ್ ಸುತ್ತಿ ಬಿಗಿ ಮಾಡಿ. ಪೈಪಿನ ತುದಿ ಮೈಕಿನ ಜಾಲರಿಗಿಂತ ನಾಲ್ಕೈದು ಸೆಂಟಿಮೀಟರ್ ಮುಂದಕ್ಕೆ, ಸ್ವಲ್ಪ ಪಕ್ಕಕ್ಕೆ ಇರಲಿ. ತುದಿಯನ್ನು ಬಾಯಿಯ ಒಂದು ಬದಿಗೆ, ದವಡೆ ಹಲ್ಲಿನ ಕಡೆಗೆ ಹಾಕಿಕೊಂಡಾಗ ತುಟಿ ಜಾಲರಿಗೆ ಹತ್ತಿರವೇ ಇರಬೇಕು. ಈ ದೂರ ಇಲ್ಲಿ ತುಂಬ ಮುಖ್ಯ. ತುಟಿ ಮೈಕಿನಿಂದ ಎರಡರಷ್ಟು ದೂರ ಹೋದರೆ ಮೈಕಿಗೆ ಸಿಗುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ತುಂಬಲು ಸೌಂಡ್‌ನವರು ಮೈಕ್ ಏರಿಸುತ್ತಾರೆ, ಮೈಕ್ ಕೂಗುತ್ತದೆ.

ಮಾನಿಟರ್, ಅಂದರೆ ನಿಮ್ಮ ದನಿ ನಿಮಗೇ ಕೇಳಲಿ ಅಂತ ಸ್ಟೇಜಿನಲ್ಲಿ ಇಡುವ ಸ್ಪೀಕರ್, ಅದರ ಜಾಗವನ್ನೂ ನೋಡಿ. ಮುಂದಿನ ಶಬ್ದ ಹಿಡಿದು ಹಿಂದಿನದನ್ನು ಬಿಡುವ ಮಾಮೂಲಿ ಕಾರ್ಡಿಯಾಯ್ಡ್ ಮೈಕ್ ಆದರೆ, ಶೂರ್ ಎಸ್‌ಎಂ58 ಥರದ್ದು, ಮಾನಿಟರ್ ಸರಿಯಾಗಿ ಅದರ ಬೆನ್ನ ಹಿಂದೆ ಇರಬೇಕು. ಸೂಪರ್‌ಕಾರ್ಡಿಯಾಯ್ಡ್ ಮೈಕ್ ಹಿಂದಿನ ಶಬ್ದವನ್ನು ಸ್ವಲ್ಪ ಹಿಡಿಯುತ್ತದೆ. ಅದಕ್ಕೆ ಮಾನಿಟರನ್ನು ಓರೆಯಾಗಿ, ಎಡಕ್ಕೋ ಬಲಕ್ಕೋ ಇಡಬೇಕು. ಇನ್ನೊಂದು ವಿಷಯ: ಟಾಕ್‌ಬಾಕ್ಸ್ ದನಿಯನ್ನು ನಿಮ್ಮ ಮಾನಿಟರಿಗೆ ಹಾಕಿಸಿಕೊಳ್ಳಲೇಬೇಡಿ. ತಲೆಬುರುಡೆಯಲ್ಲೇ ಕೇಳುತ್ತಿದೆಯಲ್ವಾ, ಮತ್ಯಾಕೆ?

ಸಾಧ್ಯವಾದರೆ ಟಾಕ್‌ಬಾಕ್ಸ್‌ಗೆ ಬೇರೆ ಮೈಕ್ ಇಡಿ. ಹಾಡುವ ದನಿಗೂ ಪೈಪಿನ ದನಿಗೂ ಜೋರಿನಲ್ಲಿ ಅಜಗಜಾಂತರ. ಒಂದೇ ಮೈಕ್ ಆದರೆ ಆ ಹಾಡಿನಲ್ಲಿ ಪ್ರತಿ ಸಲ ಮಿಕ್ಸರಿನ ಫೇಡರ್ (ಜೋರು ಹೊಂದಿಸುವ ಹಿಡಿ) ಏರಿಸಿ ಇಳಿಸಬೇಕು, ಮಿಕ್ಸರ್ ಮುಂದೆ ಕೂತವರಿಗೆ ಹಾಡು ಗೊತ್ತಿರಲೂಬೇಕು. ಬೇರೆ ಮೈಕ್ ಇದ್ದರೆ ಅದರ ಚಾನೆಲ್‌ನಲ್ಲಿ 150 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಬಹುದು, ಬಳಸದೇ ಇರುವಾಗ ಪೂರ್ತಿ ಮುಚ್ಚಿಡಬಹುದು.

ಇನ್ನು ಪದ ತಿಳಿಯದ ವಿಷಯ. ನನಗೆ ತುಂಬ ಇಷ್ಟದ ಭಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಲೇ ಒಂದು ಕೆಲಸ ಮಾಡಿ. ಗಂಟಲಿನ ದನಿ ಹೊರಡಿಸದೆ, ಬರೀ ಪಿಸುಮಾತಿನಲ್ಲಿ ‘ಊ’ ಅನ್ನಿ. ಉಸಿರು ಬಿಡುತ್ತಲೇ ನಿಧಾನವಾಗಿ ‘ಈ’ಗೆ ಬನ್ನಿ. ಶಿಳ್ಳೆಯಂಥದ್ದೊಂದು ಕೆಳಗಿನಿಂದ ಮೇಲಕ್ಕೆ ಜಾರಿದ್ದು ಕೇಳಿಸಿತಾ? ಸ್ವರಾಕ್ಷರಗಳ ಗುಟ್ಟೆಲ್ಲ ಅದರಲ್ಲೇ ಇದೆ. ನಮ್ಮ ಬಾಯಿ ಪ್ರತಿ ಸ್ವರಾಕ್ಷರಕ್ಕೂ ಮುಖ್ಯವಾಗಿ ಎರಡು ಕಡೆ ಶಬ್ದವನ್ನು ಉಬ್ಬಿಸುತ್ತದೆ. ಗಂಡಸರ ದನಿಯಲ್ಲಿ ‘ಊ’ ಮತ್ತು ‘ಈ’ ಎರಡಕ್ಕೂ ಮೊದಲನೇ ಉಬ್ಬು ಸುಮಾರು 300 ಹರ್ಟ್ಜ್‌ನಲ್ಲೇ ಬರುತ್ತದೆ. ಎರಡನೆಯದು ‘ಊ’ಗೆ 900ರ ಹತ್ತಿರ, ‘ಈ’ಗೆ 2,300ರ ಹತ್ತಿರ. ಅಂದರೆ 2,000ದ ಮೇಲೆ ನಿಮ್ಮ ಗಿಟಾರಿನಲ್ಲಿ ಏನೂ ಇಲ್ಲದಿದ್ದರೆ, ಬಾಯಿ ಎಷ್ಟೇ ಅಗಲಿಸಿ ‘ಈ’ ಅಂದರೂ ಜನಕ್ಕೆ ಕೇಳುವುದು ‘ಊ’ನೇ. ಇಲ್ಲದ್ದನ್ನು ಬಾಯಿ ಉಬ್ಬಿಸಲಾರದು.

ಹಾಗಾದರೆ ಬೇಕಾಗಿರುವುದು ಮೇಲಿನ ಶಬ್ದ ತುಂಬಿರುವ ಗಿಟಾರ್. ಬ್ರಿಡ್ಜ್ ಕಡೆಯ ಪಿಕಪ್ ಬಳಸಿ. ಟೋನ್ ನಾಬ್ ಪೂರ್ತಿ ತೆರೆಯಿರಿ. ಡಿಸ್ಟಾರ್ಶನ್ ಧಾರಾಳವಾಗಿ ಇರಲಿ, ಒಂದು ಸ್ವರದ ಜೊತೆ ಮೇಲಿನ ಹತ್ತಾರು ಸ್ವರಾಂಶಗಳನ್ನು ಹುಟ್ಟಿಸುವುದೇ ಅದು. ಆಂಪಿನ ಬಾಸ್ ಇಳಿಸಿ. ಪೈಪ್ ಉದ್ದ ಆದಷ್ಟೂ ಮೇಲಿನ ಶಬ್ದ ಕರಗುತ್ತದೆ, ಆದ್ದರಿಂದ ನಿಂತು ನುಡಿಸಲು ಎಷ್ಟು ಬೇಕೋ ಅಷ್ಟಕ್ಕೆ ಕತ್ತರಿಸಿ. ಪ್ರತಿಧ್ವನಿ ಕೊಡುವ ಡಿಲೇ, ರಿವರ್ಬ್ ಟಾಕ್‌ಬಾಕ್ಸ್‌ನ ಮುಂಚೆ ಹಾಕಿದರೆ ಹಿಂದಿನ ಸ್ವರದ ಬಾಲಕ್ಕೂ ಈಗಿನ ಅಕ್ಷರ ಅಂಟಿಕೊಳ್ಳುತ್ತದೆ. ಅವು ಬೇಕಿದ್ದರೆ ಮೈಕ್ ಚಾನೆಲ್‌ಗೆ ಹಾಕಿಸಿ. ಕಾರ್ಡ್ ಬಾರಿಸಬೇಡಿ, ಒಂದೊಂದೇ ಸ್ವರ ನುಡಿಸಿ. ಒಂದು ಅಕ್ಷರಕ್ಕೆ ಒಂದು ಸ್ವರ.

ವ್ಯಂಜನಗಳಿಗೆ ಅಭ್ಯಾಸ ಬೇಕು. ಮೊದಲನೇ ನಿಯಮ, ಗಂಟಲಿನಿಂದ ದನಿ ಬರಲೇಬಾರದು. ಬಾಯಿ ಮಾತ್ರ ಆಡಲಿ. ‘ಸ’, ‘ಶ’ಗಳಿಗೆ ನಿಮ್ಮದೇ ಉಸಿರು ಸ್ವಲ್ಪ ಬಿಡಿ, ಮೈಕ್ ಹಿಡಿದುಕೊಳ್ಳುತ್ತದೆ. ‘ಕ’ ಕಷ್ಟ, ಯಾಕೆಂದರೆ ನಾಲಿಗೆ ಬಾಯಿಯ ಹಿಂಭಾಗವನ್ನು ಮುಚ್ಚುತ್ತದೆ, ಪೈಪ್ ಇರುವುದು ಮುಂಭಾಗದಲ್ಲಿ. ಶಬ್ದ ನಿಲ್ಲುವುದೇ ಇಲ್ಲ. ‘ಪ’ ಮತ್ತು ‘ಬ’ ಒಂದೇ ಥರ ಕೇಳುತ್ತವೆ, ಗಿಟಾರ್ ಸುಮ್ಮನಾಗದೇ ನುಡಿಯುತ್ತಿರುತ್ತದಲ್ಲ. ‘ಪ’ ಬೇಕಾದರೆ ಒಂದು ಕ್ಷಣ ಅಂಗೈಯಿಂದ ತಂತಿ ಒತ್ತಿ ನಿಲ್ಲಿಸಿ, ತುಟಿಯಿಂದ ಸಣ್ಣಗೆ ಗಾಳಿ ಬಿಟ್ಟು, ತಕ್ಷಣ ಮೀಟಿ. ಕೈಗೂ ಬಾಯಿಗೂ ಈ ಹೊಂದಾಣಿಕೆ ಬರಲು ನನಗೆ ಕೆಲವು ವಾರ ಹಿಡಿಯಿತು. ದಿನಾ ಹತ್ತು ನಿಮಿಷ, ಒಂದೇ ತಂತಿ ಮೀಟುತ್ತ ಅ ಆ ಇ ಈ ಹೇಳಿ. ಅದು ಸ್ಪಷ್ಟವಾದ ಮೇಲೆ ಹಾಡಿನ ಪದಕ್ಕೆ ಹೋಗಿ.

ಕೊನೆಗೆ, ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ಮಾತು. ಬ್ಯಾಂಡಿನಲ್ಲಿ ಗಿಟಾರ್ ಒಂದೇ ಅಂತ ಬರೆದಿದ್ದೀರಿ. ಟಾಕ್‌ಬಾಕ್ಸ್ ಒತ್ತಿದ ತಕ್ಷಣ ನಿಮ್ಮ ಆಂಪಿನ ಸ್ಪೀಕರ್ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಬಾಯಿ ಮುಚ್ಚುತ್ತದೆ, ಶಬ್ದವೆಲ್ಲ ಪೈಪಿಗೆ ಹೋಗುತ್ತದೆ. ನನ್ನ ಮೊದಲ ಶೋದಲ್ಲಿ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎಂಟು ಬಾರ್‌ಗಳ ಸೋಲೋ. ರೆಕಾರ್ಡಿನಲ್ಲಿ ಆ ಜಾಗದಲ್ಲಿ ಹಿಂದೆ ಇನ್ನೊಂದು ಗಿಟಾರ್ ನುಡಿಯುತ್ತಿರುತ್ತದೆ. ನಮ್ಮಲ್ಲಿ ಉಳಿದದ್ದು ಡ್ರಮ್ ಮತ್ತು ಬಾಸ್ ಅಷ್ಟೇ. ಕೀಬೋರ್ಡ್‌ನವರು ಕೈ ಎತ್ತಿ ಕೂತಿದ್ದರು, ಅವರಿಗೆ ನಾನು ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದವರು ನಿಧಾನವಾಗಿ ನಿಂತುಬಿಟ್ಟಿದ್ದನ್ನು ಕಣ್ಣಾರೆ ನೋಡಿದೆ. ಆಮೇಲಿಂದ ಟಾಕ್‌ಬಾಕ್ಸ್ ಬರುವ ಪ್ರತಿ ಜಾಗದಲ್ಲೂ ಕೀಬೋರ್ಡಿಗೆ ರಿದಂ ಭಾಗ ಬರೆದುಕೊಡುತ್ತೇನೆ, ಸಪ್ಪೆಯಾದ ಪ್ಯಾಡ್ ಅಲ್ಲ, ಗಿಟಾರಿನ ಹಾಗೆ ತಾಳ ಹಿಡಿಯುವಂಥದ್ದು. ನೀವೂ ಇವತ್ತೇ ನಿಮ್ಮ ಕೀಬೋರ್ಡ್‌ನವರ ಜೊತೆ ಕೂತು ಮಾತಾಡಿ.

ಪ್ರಶ್ನೆ: ನನ್ನದು ವಾಲ್ವ್ ಆಂಪ್. ಟಾಕ್‌ಬಾಕ್ಸ್ ಅನ್ನು ಬೇರೆ ಪೆಡಲ್‌ಗಳ ಸಾಲಿನಲ್ಲೇ ಸೇರಿಸಬಹುದಾ? ಆಂಪ್ ಸುಟ್ಟುಹೋಗುತ್ತದೆ ಅಂತ ಒಬ್ಬರು ಹೆದರಿಸಿದರು.

ಉತ್ತರ: ಯಾವ ಟಾಕ್‌ಬಾಕ್ಸ್ ಅನ್ನುವುದರ ಮೇಲೆ ಹೋಗುತ್ತದೆ. ಎಂಎಕ್ಸ್‌ಆರ್ ಟಾಕ್‌ಬಾಕ್ಸ್, ರಾಕ್‌ಟ್ರಾನ್ ಬ್ಯಾನ್‌ಶೀ ಥರದವುಗಳ ಒಳಗೇ ಪುಟ್ಟ ಆಂಪ್ ಇರುತ್ತದೆ. ಅವನ್ನು ಗಿಟಾರ್ ಮತ್ತು ಆಂಪ್ ನಡುವೆ ಪೆಡಲ್ ಹಾಗೇ ಸೇರಿಸಬಹುದು, ಹೆದರಿಕೆ ಇಲ್ಲ. ಕವರ್ ಬ್ಯಾಂಡಿಗೆ ನಾನು ಹೇಳುವುದೂ ಇವನ್ನೇ. ಹೊತ್ತೊಯ್ಯುವುದು ಸುಲಭ, ಬೇರೆಯವರ ಆಂಪ್ ಸಿಕ್ಕರೂ ಕೆಲಸ ನಡೆಯುತ್ತದೆ.

ಡನ್‌ಲಪ್ ಕಂಪನಿ ಮಾಡುವ ಹೈಲ್ ಟಾಕ್‌ಬಾಕ್ಸ್ ಬೇರೆ ಜಾತಿ. ಅದರಲ್ಲಿ ಆಂಪ್ ಇಲ್ಲ, ನಿಮ್ಮ ಆಂಪಿನ ಸ್ಪೀಕರ್ ಔಟ್‌ನಿಂದಲೇ ಅದು ನಡೆಯಬೇಕು. ಆಂಪ್ ಹೆಡ್‌ನಿಂದ ಟಾಕ್‌ಬಾಕ್ಸ್‌ಗೆ, ಅಲ್ಲಿಂದ ಕ್ಯಾಬಿನೆಟ್‌ಗೆ. ಇಲ್ಲಿ ಮೂರು ತಪ್ಪು ಆಗಬಾರದು. ಗಿಟಾರ್ ಕೇಬಲ್ ಹಾಕಬಾರದು, ಎರಡೂ ಕಡೆ ಸ್ಪೀಕರ್ ಕೇಬಲ್ಲೇ ಬೇಕು. ಕ್ಯಾಬಿನೆಟ್ ಸೇರಿಸದೆ ಆಂಪ್ ಹಚ್ಚಬಾರದು, ವಾಲ್ವ್ ಆಂಪ್ ಲೋಡ್ ಇಲ್ಲದೆ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಓಮ್ ಲೆಕ್ಕ ತಾಳೆಯಾಗುತ್ತದಾ ಅಂತ ಟಾಕ್‌ಬಾಕ್ಸ್ ಜೊತೆ ಬಂದ ಪುಸ್ತಕದಲ್ಲಿ ನೋಡದೆ ಸೇರಿಸಬಾರದು. ನಿಮ್ಮನ್ನು ಹೆದರಿಸಿದವರು ಹೇಳಿದ್ದು ಈ ಜಾತಿಯ ಬಗ್ಗೆ ಇರಬೇಕು. ಅದರ ಮಟ್ಟಿಗೆ ಅವರ ಮಾತು ಸರಿ.

ಪ್ರಶ್ನೆ: ನಾನು ಕೀಬೋರ್ಡ್ ನುಡಿಸುತ್ತೇನೆ. ಫಂಕ್ ಹಾಡುಗಳಲ್ಲಿ ಕೇಳುವ ಆ ಮಾತಾಡುವ ಸಿಂಥ್ ನನಗೆ ಬೇಕು. ಅದಕ್ಕೆ ವೋಕೋಡರ್ ಸಾಕಾ? ಅಥವಾ ವಾ-ವಾ ಪೆಡಲ್?

ಉತ್ತರ: ವೋಕೋಡರ್‌ನಲ್ಲಿ ನೀವು ಮೈಕಿನಲ್ಲಿ ನಿಜವಾಗಿಯೂ ಮಾತಾಡಬೇಕು, ಯಂತ್ರ ಆ ಮಾತನ್ನು ಹಲವು ಪಟ್ಟಿಗಳಾಗಿ ಸೀಳಿ ಸಿಂಥ್ ಮೇಲೆ ಹೊದಿಸುತ್ತದೆ. ಕಾರ್ಡ್‌ಗಳಿಗೆ ಅದು ಚೆಂದ, ಸ್ಟೇಜಿನಲ್ಲಿ ಸುಲಭ. ಆದರೆ ಒದ್ದೆ ಬಾಯಿಯ ಆ ಜೀವಂತ ದನಿ ಅದರಲ್ಲಿ ಬರುವುದಿಲ್ಲ. ವಾ-ವಾ ಪೆಡಲ್ ಒಂದೇ ಉಬ್ಬನ್ನು ಮೇಲೆ ಕೆಳಗೆ ಮಾಡುತ್ತದೆ. ಮೇಲೆ ಹೇಳಿದ ಹಾಗೆ ಸ್ವರಾಕ್ಷರಕ್ಕೆ ಎರಡು ಬೇಕು. ಹಾಗಾಗಿ ಅದು ‘ವಾ’ ಅನ್ನಬಲ್ಲದೇ ಹೊರತು ಮಾತಾಡಲಾರದು.

ನೀವು ಕೇಳುತ್ತಿರುವ ದನಿ ಟಾಕ್‌ಬಾಕ್ಸ್‌ನದ್ದೇ. ಜ್ಯಾಪ್ ಬ್ಯಾಂಡಿನ ರಾಜರ್ ಟ್ರೌಟ್‌ಮನ್ ಅದರ ಗುರು. ಮೊದಲು ಮಿನಿಮೂಗ್, ಆಮೇಲೆ ಯಮಹಾ ಡಿಎಕ್ಸ್100 ಅನ್ನುವ ಸಿಂಥ್‌ಗಳನ್ನು ಬಳಸಿ ಕೀಬೋರ್ಡನ್ನು ಹಾಡಿಸಿದರು. ಸಿಂಥ್‌ನಲ್ಲಿ ಗರಗಸದಂತಿರುವ ಸಾ ವೇವ್ ಆರಿಸಿ, ಫಿಲ್ಟರ್ ತೆರೆದಿಡಿ, ಒಂದು ಸಲಕ್ಕೆ ಒಂದೇ ಸ್ವರ ಬರುವಂತೆ ಮೋನೋ ಮಾಡಿ, ಒಂದು ಸ್ವರದಿಂದ ಇನ್ನೊಂದಕ್ಕೆ ಚೂರು ಜಾರುವಂತೆ ಗ್ಲೈಡ್ ಹಾಕಿ. ಎಡಗೈಯಲ್ಲಿ ಪಿಚ್ ವೀಲ್ ಹಿಡಿದಿರಿ. ಮಾತಿನ ಏರಿಳಿತ ಬರುವುದು ಅಲ್ಲಿಂದ. ಗಿಟಾರ್‌ಗಿಂತ ಸಿಂಥ್‌ನಲ್ಲಿ ಪದ ಬೇಗ ಸ್ಪಷ್ಟವಾಗುತ್ತದೆ ಅನ್ನುವುದು ನನ್ನ ಅನುಭವ, ಸ್ವರ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದಲ್ಲ.

ಪ್ರಶ್ನೆ: ನಮ್ಮ ಬ್ಯಾಂಡಿನಲ್ಲಿ ಇಬ್ಬರು ಒಂದೇ ಟಾಕ್‌ಬಾಕ್ಸ್ ಬಳಸುತ್ತೇವೆ. ಅರ್ಧ ಗಂಟೆ ನುಡಿಸಿದರೆ ನನಗೆ ಹಲ್ಲು ಜುಂ ಅನ್ನುತ್ತದೆ, ತಲೆ ನೋಯುತ್ತದೆ. ಇದು ಮಾಮೂಲಾ?

ಉತ್ತರ: ಸ್ವಲ್ಪ ಕಚಗುಳಿಯಂಥ ಕಂಪನ ಮಾಮೂಲು. ನೋವು ಮಾಮೂಲಲ್ಲ. ನೀವು ಬೇಕಾದ್ದಕ್ಕಿಂತ ಜಾಸ್ತಿ ವಾಲ್ಯೂಮ್ ಇಟ್ಟಿದ್ದೀರಿ. ಸೊನ್ನೆಯಿಂದ ಶುರು ಮಾಡಿ, ಮೈಕ್ ಆರಾಮಾಗಿ ಹಿಡಿಯುವಷ್ಟಕ್ಕೆ ನಿಲ್ಲಿಸಿ. ಉಳಿದ ಜೋರು ಪಿಎ, ಅಂದರೆ ಜನರ ಕಡೆಗಿರುವ ಸೌಂಡ್ ಸಿಸ್ಟಂನ ಕೆಲಸ. ಪೈಪನ್ನು ಕಚ್ಚಿ ಹಿಡಿಯಬೇಡಿ, ತುಟಿಯಿಂದ ಸಡಿಲವಾಗಿ ಹಿಡಿಯಿರಿ. ಅಭ್ಯಾಸವನ್ನು ಹತ್ತು ನಿಮಿಷದ ತುಂಡುಗಳಾಗಿ ಮಾಡಿ. ಹೀಗೆ ಮಾಡಿಯೂ ಹಲ್ಲು ನೋಯುತ್ತಿದ್ದರೆ ದಂತವೈದ್ಯರಿಗೆ ತೋರಿಸುವವರೆಗೆ ಪೈಪ್ ಮುಟ್ಟಬೇಡಿ.

ಡಬ್ಬ ಹಂಚಿಕೊಳ್ಳಿ, ಪೈಪ್ ಮಾತ್ರ ಬೇಡ. ಇಬ್ಬರಿಗೂ ಬೇರೆ ಬೇರೆ ಪೈಪ್ ಇರಲಿ, ತುದಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಬಾಯಿ ತೆರೆದೇ ಇರುವುದರಿಂದ ಜೊಲ್ಲು ಸುರಿಯುತ್ತದೆ, ಅದು ಪೈಪಿನಲ್ಲಿ ಇಳಿದು ಡ್ರೈವರ್ ಒಳಗೆ ಹೋದರೆ ಡ್ರೈವರ್ ಕೆಡುತ್ತದೆ. ಪೈಪ್ ಡಬ್ಬಕ್ಕೆ ಸೇರುವ ಮುಂಚೆ ನೆಲದ ಮೇಲೆ ಒಂದು ಸಣ್ಣ ಬಳುಕು ಬಿಡಿ, ನೀರು ಅಲ್ಲೇ ನಿಲ್ಲುತ್ತದೆ. ಶೋ ಮುಗಿದ ತಕ್ಷಣ ಪೈಪ್ ಕಳಚಿ, ಉಗುರುಬೆಚ್ಚಗಿನ ನೀರು, ಸೋಪು ಹಾಕಿ ತೊಳೆಯಿರಿ. ಎರಡೂ ತುದಿ ತೆರೆದಿರುವ ಹಾಗೆ ನೇತುಹಾಕಿ ಒಣಗಿಸಿ, ಒಳಗೆ ಒಂದು ಹನಿಯೂ ಕಾಣದ ಮೇಲೆ ಚೀಲಕ್ಕೆ ಹಾಕಿ.