ಜಪಾನಿನ ಯಾಕುಜಾ (ಭೂಗತ ಗ್ಯಾಂಗ್) ಸಿನಿಮಾಗಳ ಪೋಷಕ ನಟ ತಕುಜೋ ಕವತಾನಿ ಅಷ್ಟೊಂದು ಜನಪ್ರಿಯರಾಗಿದ್ದು ಹೇಗೆ?

ಸಾಯುವ ಪಾತ್ರಗಳಿಂದಲೇ ಹೆಸರು ಮಾಡಿದವರು ಇವರು. ಹುಟ್ಟಿದ್ದು 1941ರಲ್ಲಿ. ಕ್ಯೋಟೋದ ತೋಯೆ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಸಿಕ್ಕಿದ್ದೆಲ್ಲ ಚಿಲ್ಲರೆ ಪಾತ್ರಗಳೇ: ಕತ್ತಿ ಏಟಿಗೆ ಬೀಳುವವನು, ಗುಂಡಿಗೆ ಉರುಳುವವನು.

1973ರಲ್ಲಿ ಬಂದ ಕಿಂಜಿ ಫುಕಾಸಾಕು ಅವರ ‘ಹಿರೋಶಿಮಾ ಡೆತ್ ಮ್ಯಾಚ್’ ನೋಡಿ. ಇವರನ್ನು ಕಟ್ಟಿ, ಮೋಟಾರ್ ಬೋಟಿನ ಹಿಂದೆ ಸಮುದ್ರದಲ್ಲಿ ದರದರ ಎಳೆಯುತ್ತಾರೆ. ಆಮೇಲೆ ನೇತುಹಾಕಿ ಗುಂಡು ಹೊಡೆಯುತ್ತಾರೆ. ತೆರೆ ಮೇಲೆ ಇರುವುದು ಸ್ವಲ್ಪ ಹೊತ್ತು ಅಷ್ಟೇ, ಆದರೆ ನನ್ನನ್ನು ಹೀರೋಗಿಂತ ಜಾಸ್ತಿ ಕಾಡಿದ್ದು ಆ ಒದ್ದಾಟ.

70ರ ದಶಕದ ನಡುವೆ ಇಂಥ ನಟರೇ ಸೇರಿ ‘ಪಿರಾನ್ಹಾ ಗುಂದಾನ್’ (ಪಿರಾನ್ಹಾ ಮೀನಿನ ಹೆಸರಿನ ಪಡೆ) ಎಂಬ ತಂಡ ಕಟ್ಟಿಕೊಂಡರು. ಆಗ ಪತ್ರಿಕೆ, ಟಿವಿಯವರ ಕಣ್ಣು ಇವರ ಮೇಲೆ ಬಿತ್ತು. ಮುಂದೆ ದೊನ್‌ಬೆ ನೂಡಲ್ಸ್ ಜಾಹೀರಾತಿನಿಂದ ಮನೆಮಾತಾದರು. 1995ರಲ್ಲಿ, 54ನೇ ವಯಸ್ಸಿಗೇ ತೀರಿಕೊಂಡರು.